ಅತ್ತಿಯ ನೆರಳು, ಕಾಫಿಯ ಗಿಡ

ಚಿಕ್ಕಮಗಳೂರಿನಿಂದ ಗಿರಿಯ ಕಡೆ ಹೊರಟರೆ ಕೈಮರ ದಾಟಿ, ಕವಿಕಲ್ ಗಂಡಿಯ ತಿರುವುಗಳನ್ನು ಹತ್ತಿದ ಮೇಲೆ, ಬಾಬಾಬುಡನ್‌ಗಿರಿಗೆ ಸ್ವಲ್ಪ ಮುಂಚೆ ಒಂದು ಪುಟ್ಟ ಊರು ಸಿಗುತ್ತದೆ. ಹೆಸರು ಅತ್ತಿಗುಂಡಿ. ಮಾರ್ಚ್ ತಿಂಗಳಲ್ಲಿ ಉರುಸಿಗೆಂದು ಈ ದಾರಿಯಲ್ಲಿ ಹೋಗುವವರೂ, ಡಿಸೆಂಬರಿನ ಹುಣ್ಣಿಮೆಗೆ ದತ್ತ ಜಯಂತಿಗೆಂದು ಹೋಗುವವರೂ ಈ ಊರನ್ನು ಹಾದೇ ಹೋಗಬೇಕು. ಚಹಾ ಕುಡಿಯಲು, ಗಾಡಿ ತಣಿಸಲು ನಿಲ್ಲುವವರಿದ್ದಾರೆ. ಊರಿನ ಹೆಸರಿನಲ್ಲಿರುವ ಅತ್ತಿಯ ಬಗ್ಗೆ ಯೋಚಿಸುವವರು ಕಡಿಮೆ. ಊರ ಹೆಸರುಗಳನ್ನು ನಂಬಿ ಇತಿಹಾಸ ಕಟ್ಟುವುದು ಅಪಾಯದ ಕೆಲಸ ಎಂಬುದು ನನಗೂ ಗೊತ್ತು. ಆದರೂ ಈ ಹೆಸರು ಕಿವಿಗೆ ಬಿದ್ದಾಗಲೆಲ್ಲ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ದತ್ತಾತ್ರೇಯನ ಮರ ಯಾವುದು ಎಂದು ಯಾವ ದತ್ತಭಕ್ತರನ್ನು ಕೇಳಿದರೂ ಸಿಗುವ ಉತ್ತರ ಔದುಂಬರ. ಕನ್ನಡದಲ್ಲಿ ಹೇಳುವುದಾದರೆ ಅತ್ತಿ.

ಇದೇ ಬೆಟ್ಟಗಳಿಗೆ ಅರಬ್ ನಾಡಿನಿಂದ ಕಾಫಿ ಬೀಜ ತಂದವರು ಬಾಬಾಬುಡನ್ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇಲ್ಲಿಯ ತೋಟಗಳಲ್ಲಿ ಆ ಕಾಫಿ ಗಿಡಕ್ಕೆ ಬಹುಕಾಲ ನೆರಳು ಕೊಟ್ಟ ಮರಗಳ ಪಟ್ಟಿಯಲ್ಲಿ ಅತ್ತಿಯೂ ಅದರ ಒಡಹುಟ್ಟುಗಳೂ ಇವೆ ಎಂಬುದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಗಿರಿಯ ಬಗ್ಗೆ ಮೂರು ನಾಲ್ಕು ದಶಕಗಳಿಂದ ನಮ್ಮ ಪತ್ರಿಕೆಗಳಲ್ಲಿ ಬಂದಿರುವ ಬರಹಗಳನ್ನು ಒಟ್ಟು ಹಾಕಿದರೆ ಒಂದು ಕಪಾಟು ತುಂಬಬಹುದು. ಅದರಲ್ಲಿ ಕೋರ್ಟಿನ ಮಾತಿದೆ, ಮೆರವಣಿಗೆಯ ಮಾತಿದೆ, ಪೊಲೀಸ್ ಬಂದೋಬಸ್ತಿನ ಮಾತಿದೆ. ಮರದ ಮಾತಿಲ್ಲ.

ಹಿಂದೂಗಳ ಪವಿತ್ರ ಸಸ್ಯ ಎಂದ ಕೂಡಲೇ ನಮಗೆ ನೆನಪಾಗುವುದು ತುಳಸಿ. ಅದು ಮನೆಯಂಗಳದ ಗಿಡ. ನೆರೆಮನೆಯ ಕಟ್ಟೆಯಲ್ಲಿ ಅದನ್ನು ನೋಡುತ್ತಲೇ ಬೆಳೆದಿದ್ದೇವೆ. ಕೆಮ್ಮು ನೆಗಡಿಗೆ ಅಲ್ಲಿಂದ ನಾಲ್ಕು ಎಲೆ ಕೇಳಿ ತಂದವರೂ ನಮ್ಮಲ್ಲಿ ಇದ್ದಾರೆ. ಅತ್ತಿ ಹಾಗಲ್ಲ. ಅದು ಹಳ್ಳದ ದಂಡೆಯ, ತೋಟದ ಮೂಲೆಯ ಮರ. ಆದರೆ ವಯಸ್ಸಿನಲ್ಲಿ, ಗೌರವದಲ್ಲಿ ಅದು ಯಾವ ಗಿಡಕ್ಕೂ ಕಡಿಮೆಯಲ್ಲ. ವೇದಕಾಲದ ಯಜ್ಞಗಳಲ್ಲಿ ಸಮಿತ್ತಿಗೆ, ಹವಿಸ್ಸಿನ ಸೌಟಿಗೆ ಅತ್ತಿಯ ಕಟ್ಟಿಗೆ ಬಳಸುತ್ತಿದ್ದರು. ರಾಜನಿಗೆ ಪಟ್ಟಾಭಿಷೇಕವಾಗುವಾಗ ಕೂರಿಸುವ ಪೀಠ ಉದುಂಬರದ ಮರದ್ದಾಗಿರಬೇಕು ಎಂದು ಐತರೇಯ ಬ್ರಾಹ್ಮಣ ವಿಧಿಸುತ್ತದೆ. ಅಥರ್ವವೇದದಲ್ಲಿ ಉದುಂಬರದ ಮಣಿಯನ್ನು ಕಟ್ಟಿಕೊಂಡು ಸಮೃದ್ಧಿ ಬೇಡುವ ಸೂಕ್ತವೇ ಇದೆ. ಸಂಸ್ಕೃತ ನಿಘಂಟುಗಳು ಈ ಮರಕ್ಕೆ ಕೊಡುವ ಹೆಸರುಗಳನ್ನು ನೋಡಿದರೂ ಸಾಕು. ಯಜ್ಞಕ್ಕೆ ಬೇಕಾದ್ದರಿಂದ ಯಜ್ಞಾಂಗ, ಹಾಲು ಸುರಿಸುವುದರಿಂದ ಹೇಮದುಗ್ಧ, ಹಣ್ಣಿನೊಳಗೆ ಹುಳ ಇರುವುದರಿಂದ ಜಂತುಫಲ. ಪೂಜೆಗೆ ಬೇಕಾದ ಗುಣವನ್ನೂ ಕಣ್ಣಿಗೆ ಕಂಡ ದೋಷವನ್ನೂ ಅಮರಸಿಂಹ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಾನೆ. ವಿಷ್ಣು ಸಹಸ್ರನಾಮದಲ್ಲಿ ಆಲ, ಅತ್ತಿ, ಅರಳಿ ಮೂರೂ ವಿಷ್ಣುವಿನ ಹೆಸರುಗಳಾಗಿಯೇ ಬರುತ್ತವೆ. ಬೌದ್ಧರಲ್ಲಿಯೂ ಗೌತಮನಿಗಿಂತ ಮುಂಚಿನ ಬುದ್ಧರಲ್ಲೊಬ್ಬನಾದ ಕನಕಮುನಿಗೆ ಜ್ಞಾನೋದಯವಾದದ್ದು ಉದುಂಬರದ ಕೆಳಗೆ ಎಂಬ ನಂಬಿಕೆ ಇದೆ.

ಇದು ಹೇಗೆ ದತ್ತನ ಮರವಾಯಿತು ಎಂಬುದಕ್ಕೆ ಗುರುಚರಿತ್ರೆಯಲ್ಲಿ ಒಂದು ಕಥೆ ಇದೆ. ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ಈ ಗ್ರಂಥವನ್ನು ಉತ್ತರ ಕರ್ನಾಟಕದ ದತ್ತಭಕ್ತರ ಮನೆಗಳಲ್ಲಿ ಇಂದಿಗೂ ಪಾರಾಯಣ ಮಾಡುತ್ತಾರೆ. ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆದಾಗ ಅಲ್ಲಿದ್ದ ವಿಷ ಉಗುರುಗಳಿಗೆ ಹತ್ತಿ ತಾಳಲಾರದ ಉರಿ ಎದ್ದಿತಂತೆ. ಲಕ್ಷ್ಮಿ ಅತ್ತಿಯ ಹಣ್ಣುಗಳನ್ನು ತಂದು ಕೊಟ್ಟಳು. ನರಸಿಂಹ ಉಗುರುಗಳನ್ನು ಆ ಹಣ್ಣುಗಳಲ್ಲಿ ಊರಿದ, ಉರಿ ಶಮನವಾಯಿತು. ಮೆಚ್ಚಿದ ದೇವರು ಆ ಮರಕ್ಕೆ ವರ ಕೊಟ್ಟ. ಅಂದಿನಿಂದ ಅದು ಕಲ್ಪವೃಕ್ಷಕ್ಕೆ ಸಮ, ಗುರು ನೆಲೆಸುವ ಜಾಗ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಉಗ್ರ ನರಸಿಂಹನಲ್ಲ, ಆ ಹಣ್ಣಿನ ತಂಪು. ಯಾಕೆಂದರೆ ಆಯುರ್ವೇದದ ಗ್ರಂಥಗಳು ಅತ್ತಿಯ ಬಗ್ಗೆ ಮೊದಲು ಹೇಳುವ ಗುಣವೂ ಅದೇ: ಶೀತ. ಒಗರು ಮತ್ತು ಸಿಹಿ ರುಚಿ, ಉರಿ ತಗ್ಗಿಸುವುದು, ಸುರಿಯುವುದನ್ನು ತಡೆಯುವುದು, ಹುಣ್ಣನ್ನು ಶುದ್ಧ ಮಾಡಿ ಕೂಡಿಸುವುದು. ಚರಕ ಮೂತ್ರ ಅತಿಯಾಗಿ ಹೋಗುವುದನ್ನು ತಡೆಯುವ ಹತ್ತು ದ್ರವ್ಯಗಳಲ್ಲಿ ಇದನ್ನು ಸೇರಿಸಿದ್ದಾನೆ. ಸುಶ್ರುತನ ನ್ಯಗ್ರೋಧಾದಿ ಗಣದಲ್ಲಿ ಇದು ಆಲ, ಅರಳಿಗಳ ಜೊತೆ ಕೂತಿದೆ. ವೈದ್ಯರು ಪಂಚವಲ್ಕಲ ಎನ್ನುವ ಐದು ತೊಗಟೆಗಳು ಆಲ, ಅತ್ತಿ, ಅರಳಿ, ಬಸರಿ ಮತ್ತು ಹೂವರಸಿಯವು. ಇವುಗಳ ಕಷಾಯದಿಂದ ಹುಣ್ಣು ತೊಳೆಯುವ, ಬಾಯಿ ಮುಕ್ಕಳಿಸುವ ಪದ್ಧತಿ ಇಂದಿಗೂ ಇದೆ. ತೊಗಟೆಯಲ್ಲಿ ಟ್ಯಾನಿನ್ ಅಂಶ ಹೆಚ್ಚಿರುವುದರಿಂದ ಅದು ಗಾಯದ ಮೇಲ್ಮೈಯನ್ನು ಬಿಗಿಗೊಳಿಸುತ್ತದೆ ಎಂಬುದು ಇಂದಿನ ವಿವರಣೆ. ಬೇಧಿಗೆ ತೊಗಟೆಯ ಕಷಾಯ, ಬಾಯಿಹುಣ್ಣಿಗೆ ಎಳೆಗಾಯಿ, ಹೀಗೆ ಹಳ್ಳಿಯ ಬಳಕೆಗಳು ಬೇಕಾದಷ್ಟಿವೆ. ಉರ್ದು ಮಾತಾಡುವ ಮನೆಗಳಲ್ಲಿ ಇದರ ಹೆಸರು ಗೂಲರ್. ಹಕೀಮರ ಯುನಾನಿ ಔಷಧಿಗಳಲ್ಲಿಯೂ ಗೂಲರ್‌ಗೆ ಜಾಗ ಇದೆ. ಮಧುಮೇಹಕ್ಕೆ ಅತ್ತಿ ರಾಮಬಾಣ ಎಂದು ಈಚೆಗೆ ಪುಡಿ ಮಾಡಿ ಮಾರುವವರು ಹೇಳುತ್ತಾರೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ತೊಗಟೆಯ ಸಾರ ಸಕ್ಕರೆ ಅಂಶವನ್ನು ಇಳಿಸಿದ್ದು ನಿಜ. ಅಷ್ಟನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ಬಿಡುವುದು ಮೂರ್ಖತನ.

ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಹೋದವರು ಭೀಮಾ ಮತ್ತು ಅಮರಜಾ ನದಿಗಳ ಸಂಗಮದಲ್ಲಿ ಔದುಂಬರದ ಕೆಳಗೆ ಕೂತು ಗುರುಚರಿತ್ರೆ ಓದುವ ಜನರನ್ನು ನೋಡಿರುತ್ತಾರೆ. ದತ್ತನ ಅವತಾರವೆಂದು ನಂಬಲಾದ ನರಸಿಂಹ ಸರಸ್ವತಿ 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಅಲ್ಲಿ ನೆಲೆಸಿದ್ದರು. ಗ್ರಂಥದಲ್ಲಿ ಕುಷ್ಠರೋಗಿಯೊಬ್ಬನ ಕಥೆ ಬರುತ್ತದೆ. ಗುರು ಅವನ ಕೈಗೆ ಔದುಂಬರದ ಒಣ ಕಟ್ಟಿಗೆ ಕೊಟ್ಟು, ಇದನ್ನು ಸಂಗಮದಲ್ಲಿ ನೆಟ್ಟು ನೀರು ಹಾಕು, ಚಿಗುರಿದ ದಿನ ನಿನ್ನ ರೋಗ ಹೋಗುತ್ತದೆ ಎನ್ನುತ್ತಾರೆ. ಜನ ನಗುತ್ತಾರೆ. ಅವನು ಬಿಡದೆ ನೀರೆರೆಯುತ್ತಾನೆ. ಕೊನೆಗೆ ಕಟ್ಟಿಗೆ ಚಿಗುರುತ್ತದೆ.

ಇದೇ ಗ್ರಂಥದ ಕೊನೆಯ ಭಾಗದಲ್ಲಿ ಮತ್ತೊಬ್ಬ ರೋಗಿ ಬರುತ್ತಾನೆ. ಅವನು ಬೀದರಿನ ಮುಸ್ಲಿಂ ದೊರೆ. ತೊಡೆಯ ಮೇಲೆ ಎದ್ದ ಹುಣ್ಣು ಯಾವ ವೈದ್ಯನಿಗೂ ಬಗ್ಗದೆ, ಸಾಧುಗಳ ದರ್ಶನವೇ ಮದ್ದು ಎಂಬ ಮಾತು ಕೇಳಿ, ಗಾಣಗಾಪುರಕ್ಕೆ ಬಂದು ಗುರುವಿನ ಮುಂದೆ ನಿಲ್ಲುತ್ತಾನೆ. ಹುಣ್ಣು ಎಲ್ಲಿದೆ ತೋರಿಸು ಎಂದು ಗುರು ಕೇಳಿದಾಗ ಅದು ಇರುವುದೇ ಇಲ್ಲ. ಹಿಂದಿನ ಜನ್ಮದಲ್ಲಿ ಆತ ಗುರುವಿನ ಸೇವೆ ಮಾಡಿದ ಅಗಸನಾಗಿದ್ದ ಎಂದು ಗ್ರಂಥಕಾರ ವಿವರಿಸುತ್ತಾನೆ. ಪುನರ್ಜನ್ಮದ ಆ ಭಾಗವನ್ನು ಮುಸ್ಲಿಂ ಓದುಗ ಒಪ್ಪಬೇಕಾಗಿಲ್ಲ. ಆದರೆ ಬ್ರಾಹ್ಮಣನೊಬ್ಬ ತನ್ನ ಸಂಪ್ರದಾಯದ ಮೂಲಗ್ರಂಥವನ್ನು ಬರೆಯುವಾಗ ಸುಲ್ತಾನನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ, ಮಗ್ಗುಲಲ್ಲಿ ನೋವಿರುವ ಮನುಷ್ಯನನ್ನಾಗಿ ಮಾಡಿದ. ಇದನ್ನು ಗಮನಿಸದೆ ಹೋಗಲಾಗದು.

ದತ್ತ ಸಂಪ್ರದಾಯದಲ್ಲಿ ಇಂಥದ್ದು ಇದೊಂದೇ ಅಲ್ಲ. ಸಂತ ಏಕನಾಥನ ಗುರು ಜನಾರ್ದನಸ್ವಾಮಿಗೆ ಸಂಬಂಧಿಸಿದ ಕಥೆಗಳಲ್ಲಿ ದತ್ತ ಕಾಣಿಸಿಕೊಳ್ಳುವುದು ಮಲಂಗ ಫಕೀರನ ವೇಷದಲ್ಲಿ. ಬೀದರ್ ಜಿಲ್ಲೆಯ ಹುಮನಾಬಾದಿನ ಬಳಿ 19ನೇ ಶತಮಾನದಲ್ಲಿ ಬಾಳಿದ ಮಾಣಿಕಪ್ರಭುಗಳನ್ನು ಹಿಂದೂಗಳು ದತ್ತಾವತಾರವೆಂದರೆ, ಅವರಲ್ಲಿಗೆ ಬರುತ್ತಿದ್ದ ಮುಸ್ಲಿಮರು ಮೆಹಬೂಬ್ ಸುಭಾನಿಯ ಹೆಸರಿನಲ್ಲಿ ಗೌರವಿಸುತ್ತಿದ್ದರು. ಅವರು ಕಟ್ಟಿದ ಪಂಥದ ಹೆಸರೇ ಸಕಲಮತ ಸಂಪ್ರದಾಯ.

ಇದು ಹೇಗೆ ಸಾಧ್ಯವಾಯಿತು? ದತ್ತ ಅವಧೂತ. ಮನೆಯಿಲ್ಲ, ಮಠವಿಲ್ಲ, ಜಾತಿಯ ಗುರುತಿಲ್ಲ. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಒಬ್ಬ ಅವಧೂತ ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳ ಪಟ್ಟಿ ಕೊಡುತ್ತಾನೆ. ಸಂಪ್ರದಾಯ ಆತನನ್ನು ದತ್ತನೆಂದೇ ಗುರುತಿಸುತ್ತದೆ. ಆ ಗುರುಗಳಲ್ಲಿ ಭೂಮಿ ಇದೆ, ಗಾಳಿ ಇದೆ, ಜೇನುನೊಣ ಇದೆ, ಪಾರಿವಾಳ ಇದೆ. ಭೂಮಿಯಿಂದ ಕಲಿತದ್ದನ್ನು ಹೇಳುವಾಗ ಅವನು ಬೆಟ್ಟವನ್ನೂ ಮರವನ್ನೂ ಹೆಸರಿಸುತ್ತಾನೆ. ತನಗಾಗಿ ಅಲ್ಲದೆ ಇತರರಿಗಾಗಿ ಬದುಕುವುದನ್ನು ಮರದ ಶಿಷ್ಯನಾಗಿ ಕಲಿಯಬೇಕು ಎಂಬ ಅರ್ಥದಲ್ಲಿ. ಸೂಫಿಗಳಲ್ಲಿ ಇಂಥ ತಿರುಗಾಡಿಗೆ ಖಲಂದರ್ ಎನ್ನುತ್ತಾರೆ. ಗಿರಿಯ ಗುಹೆಯಲ್ಲಿ ನೆಲೆಸಿದ್ದರು ಎನ್ನಲಾದ ದಾದಾ ಹಯಾತ್ ಮೀರ್ ಖಲಂದರ್ ಅವರ ಹೆಸರಿನ ಕೊನೆಗೆ ಇರುವುದು ಈ ಬಿರುದೇ. ಬಾಬಾಬುಡನ್ ಅವರ ಶಿಷ್ಯಪರಂಪರೆಯವರು ಎಂಬುದು ಒಂದು ನಂಬಿಕೆ. ದಾದಾ, ಬಾಬಾ, ದತ್ತ ಮೂವರೂ ಒಬ್ಬರೇ ಎಂಬುದು ಸುತ್ತಲಿನ ಹಳ್ಳಿಗರ ಹಳೆಯ ನಂಬಿಕೆ. ಬಿ.ಎಲ್. ರೈಸ್ ತನ್ನ ಮೈಸೂರು ಗ್ಯಾಸೆಟಿಯರಿನಲ್ಲಿ ಈ ಗುಹೆಯನ್ನು ಎರಡೂ ಸಮುದಾಯಗಳು ಪೂಜಿಸುವುದನ್ನೂ, ದತ್ತಾತ್ರೇಯ ಇಲ್ಲಿ ಮರೆಯಾದನೆಂದು, ಮತ್ತೆ ಇಲ್ಲಿಂದಲೇ ಕಾಣಿಸಿಕೊಳ್ಳುವನೆಂದು ಹಿಂದೂಗಳು ನಂಬುವುದನ್ನೂ ದಾಖಲಿಸಿದ್ದಾನೆ. ಅರ್ಧಚಂದ್ರದಂತೆ ಬಾಗಿದ ಈ ಶ್ರೇಣಿಗೆ ಪುರಾಣದ ಹೆಸರು ಚಂದ್ರದ್ರೋಣ. ಹನುಮಂತ ಸಂಜೀವಿನಿ ಬೆಟ್ಟವನ್ನು ಹೊತ್ತೊಯ್ಯುವಾಗ ಉದುರಿದ ಚೂರು ಇದು ಎಂದೂ ಹೇಳುವವರಿದ್ದಾರೆ. ಔಷಧಿಯ ಬೆಟ್ಟ ಎಂಬ ಕೀರ್ತಿ ಕಾಫಿಗಿಂತ ಹಳೆಯದು.

ಇನ್ನು ಅತ್ತಿಯ ಹಣ್ಣಿನ ವಿಷಯ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಎಂಬ ಗಾದೆಯನ್ನು ಹೊರಗೆ ಥಳುಕು, ಒಳಗೆ ಹುಳುಕು ಇರುವವರಿಗೆ ನಾವು ಹೇಳುತ್ತೇವೆ. ಗಾದೆ ಅತ್ತಿಗೆ ಅನ್ಯಾಯ ಮಾಡಿದೆ. ಹೂ ಬಿಡದೆ ಕಾಯಾಗುವ ಮರ ಎಂದು ಜನ ತಿಳಿದದ್ದು ಸರಿಯಲ್ಲ. ನಾವು ಕಾಯಿ ಎನ್ನುವುದೇ ಒಂದು ಮುಚ್ಚಿದ ಹೂಗೊಂಚಲು. ಒಳಗೆ ನೂರಾರು ಸಣ್ಣ ಹೂಗಳಿರುತ್ತವೆ. ಸಾಸಿವೆಯಷ್ಟೂ ಇಲ್ಲದ ಒಂದು ಕಣಜ ತುದಿಯ ಕಿಂಡಿಯಿಂದ ಒಳನುಗ್ಗಿ, ರೆಕ್ಕೆ ಕಳೆದುಕೊಂಡು, ಪರಾಗ ಸ್ಪರ್ಶ ಮಾಡಿಸಿ, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಆ ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ. ಅತ್ತಿಯಿಲ್ಲದೆ ಆ ಕಣಜಕ್ಕೆ ಸಂತಾನವಿಲ್ಲ. ಗಾದೆ ಹುಳುಕು ಎಂದದ್ದು ಮರದ ಬದುಕು.

ಕುರ್‌ಆನಿನ 95ನೇ ಅಧ್ಯಾಯ ಅತ್ತೀನ್. ಅಲ್ಲಾಹನು ಅಂಜೂರ ಮತ್ತು ಆಲಿವ್‌ನ ಮೇಲೆ ಆಣೆ ಹಾಕುವುದರಿಂದ ಅದು ಆರಂಭವಾಗುತ್ತದೆ. ಅತ್ತಿ ಮತ್ತು ಅತ್ತೀನ್ ಎಂಬ ಶಬ್ದಗಳ ಹೋಲಿಕೆ ಬರೀ ಆಕಸ್ಮಿಕ, ಅದರ ಮೇಲೆ ಯಾರೂ ಸಿದ್ಧಾಂತ ಕಟ್ಟುವುದು ಬೇಡ. ಅರಬಿಯ ತೀನ್ ನಾವು ಒಣಗಿಸಿ ತಿನ್ನುವ ಅಂಜೂರ. ಆದರೆ ಅಂಜೂರವೂ ಅತ್ತಿಯೂ ಒಂದೇ ಕುಲದ ಮರಗಳು, ಸಸ್ಯವಿಜ್ಞಾನಿಗಳು ಫೈಕಸ್ ಎಂದು ಕರೆಯುವ ಕುಲ. ಮುಚ್ಚಿದ ಹೂಗೊಂಚಲು, ಒಳನುಗ್ಗುವ ಕಣಜ, ಮುರಿದರೆ ಸುರಿಯುವ ಬಿಳಿ ಹಾಲು, ಎಲ್ಲ ಒಂದೇ.

ಒಬ್ಬ ಓದುಗರು ಕೇಳಬಹುದು, ಮುಸ್ಲಿಮರ ಪತ್ರಿಕೆಗೆ ಇನ್ನೊಂದು ಧರ್ಮದ ಮರದ ಪುರಾಣ ಯಾಕೆ ಎಂದು. ಅಲ್‌ಬಿರೂನಿ ಸಾವಿರ ವರ್ಷದ ಹಿಂದೆ ಭಾರತದ ಬಗ್ಗೆ ಬರೆದಾಗ ಈ ಪ್ರಶ್ನೆಯನ್ನು ದಾಟಿದ್ದ. ಹಿಂದೂಗಳ ನಂಬಿಕೆಯನ್ನು ಅವರ ಗ್ರಂಥಗಳಿಂದಲೇ ಅರಿತು ಹೇಳಬೇಕು ಎಂಬುದು ಅವನ ನಿಲುವಾಗಿತ್ತು. ಮುಪ್ಪಿನಲ್ಲಿ ಬರೆದ ಔಷಧಿಗಳ ಗ್ರಂಥ ಸೈದನಾದಲ್ಲಿ ಮದ್ದಿನ ಗಿಡಗಳಿಗೆ ಅರಬ್ಬಿ, ಗ್ರೀಕ್, ಪರ್ಶಿಯನ್ ಹೆಸರುಗಳ ಜೊತೆ ಹಿಂದಿನ ಹೆಸರುಗಳನ್ನೂ ಕೊಟ್ಟ.

ಕಾಫಿಯ ಕಥೆಗೆ ಬರೋಣ. ಅತ್ತಿಗೆ ಪುರಾಣವಿರುವಂತೆ ಕಾಫಿಗೂ ಒಂದು ಅಧ್ಯಾತ್ಮದ ಚರಿತ್ರೆ ಇದೆ. 15ನೇ ಶತಮಾನದ ಯಮನ್‌ನಲ್ಲಿ ಅದು ಮೊದಲು ಸೂಫಿಗಳ ಪಾನೀಯವಾಗಿತ್ತು. ರಾತ್ರಿಯಿಡೀ ಝಿಕ್ರ್ ಮಾಡುವವರು ನಿದ್ದೆ ಬಾರದಿರಲಿ ಎಂದು ಅದನ್ನು ಕುಡಿಯುತ್ತಿದ್ದರು. 1470ರಲ್ಲಿ ತೀರಿಕೊಂಡ ಅದನ್ ನಗರದ ಧಾರ್ಮಿಕ ವಿದ್ವಾಂಸ ಧಬ್ಹಾನಿಯ ಹೆಸರು ಈ ಪದ್ಧತಿಯ ಜೊತೆ ಸೇರಿಕೊಂಡಿದೆ. ಮೋಖಾ ಬಂದರಿನ ಸಂತ ಅಲಿ ಇಬ್ನ್ ಉಮರ್ ಶಾದಿಲಿಯವರನ್ನು ಜನ ಕಾಫಿಯ ಪೀರ್ ಎಂಬಂತೆ ಕಂಡರು. ಎಲ್ಲರೂ ಒಪ್ಪಿದರು ಎಂದಲ್ಲ. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿ ಹರಾಮ್ ಎಂದು ವೈದ್ಯರಿಂದ ಹೇಳಿಸಿ ನಿಷೇಧಿಸಿದ. ಆ ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. 16ನೇ ಶತಮಾನದಲ್ಲಿ ಅಲ್ ಜಝೀರಿ ಕಾಫಿಯನ್ನು ಸಮರ್ಥಿಸಿ ಒಂದು ಗ್ರಂಥವನ್ನೇ ಬರೆದ. ಇಂದು ನಾವು ಬೆಳಗ್ಗೆ ಎದ್ದು ಯೋಚನೆಯಿಲ್ಲದೆ ಕುಡಿಯುವ ಲೋಟದ ಹಿಂದೆ ಇಷ್ಟು ಫತ್ವಾಗಳ ಜಗಳ ಇದೆ!

ಬಾಬಾಬುಡನ್ 17ನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಮೋಖಾದಿಂದ ಏಳು ಬೀಜ ತಂದರು ಎಂಬುದು ನಾವು ಕೇಳುತ್ತ ಬಂದ ಕಥೆ. ಮೊಳಕೆ ಬರುವ ಬೀಜವನ್ನು ಹೊರಗೆ ಬಿಡದ ಕಾಲ ಅದು. ಹೀಗೆ ತಂದದ್ದನ್ನು ಕಳವು ಎಂದು ತಮಾಷೆ ಮಾಡುವವರಿದ್ದಾರೆ. ಏಳು ಎಂಬ ಸಂಖ್ಯೆಗೆ ಸಮಕಾಲೀನ ದಾಖಲೆ ಇಲ್ಲ. ಕಾಬಾದ ಸುತ್ತ ಏಳು ಸುತ್ತು ಬಂದವರು ಏಳು ಬೀಜ ತಂದರೆಂದು ಜನ ಕಟ್ಟಿಕೊಂಡದ್ದಿರಬಹುದು. ಆದರೆ ಕಥೆಯನ್ನು ಪೂರ್ತಿ ತಳ್ಳಿಹಾಕಲಾಗದು ಎಂಬುದಕ್ಕೆ ಒಂದು ಬಲವಾದ ಕಾರಣವಿದೆ. ಡಚ್ಚರು 1696ರಲ್ಲಿ ಜಾವಾಕ್ಕೆ ಕಾಫಿ ಸಸಿಗಳನ್ನು ಒಯ್ದದ್ದು ಯಮನ್‌ನಿಂದಲ್ಲ, ಮಲಬಾರ್ ಕರಾವಳಿಯಿಂದ. ಅಂದರೆ 17ನೇ ಶತಮಾನ ಮುಗಿಯುವ ಮುನ್ನವೇ ನಮ್ಮ ಪಶ್ಚಿಮದ ಸೀಮೆಯಲ್ಲಿ ಕಾಫಿ ಬೆಳೆಯುತ್ತಿತ್ತು. ಜಾವಾದಿಂದ ಆಮ್‌ಸ್ಟರ್‌ಡ್ಯಾಮಿಗೆ, ಅಲ್ಲಿಂದ ಪ್ಯಾರಿಸ್ಸಿಗೆ, ಅಲ್ಲಿಂದ ಅಮೆರಿಕ ಖಂಡದ ದ್ವೀಪಗಳಿಗೆ ಹೋದದ್ದು ಆ ವಂಶವೇ.

ಗಿರಿಯ ಸುತ್ತ ಎರಡು ಶತಮಾನದಷ್ಟು ಕಾಲ ಕಾಫಿ ಹಿತ್ತಲ ಬೆಳೆಯಾಗಿಯೇ ಇತ್ತು. ಕಾಡಿನ ಮರಗಳ ಕೆಳಗೆ ನಾಲ್ಕು ಗಿಡ, ಮನೆಯ ಹಿಂದೆ ಹತ್ತು ಗಿಡ. 19ನೇ ಶತಮಾನದ ಮೊದಲರ್ಧದಲ್ಲಿ ಬಾಬಾಬುಡನ್ ಶ್ರೇಣಿಯ ದಕ್ಷಿಣದ ಎತ್ತರದಲ್ಲಿ ಕ್ಯಾನನ್ ಎಂಬ ಯುರೋಪಿಯನ್ ತೋಟ ಮಾಡಿದ. ಅವನ ಹಿಂದೆ ಇನ್ನಷ್ಟು ಜನ ಬಂದರು. ಚಿಕ್ಕಮಗಳೂರಿನ ಹಳೆಯ ತಳಿಗೆ ಊರ ಹೆಸರನ್ನೇ ಮೊಟಕು ಮಾಡಿ ಚಿಕ್ ಎಂದು ಕರೆದರು. ಸಿಲೋನಿನ ಪದ್ಧತಿ ನೋಡಿದ ಕೆಲವು ದೊರೆಗಳಿಗೆ ನೆರಳು ಎಂದರೆ ಇಳುವರಿಗೆ ಶತ್ರು ಎನ್ನಿಸಿತು. ಕಾಡನ್ನು ಪೂರ್ತಿ ಕಡಿದು, ಸುಟ್ಟು, ಬಯಲು ಬಿಸಿಲಿನಲ್ಲಿ ಕಾಫಿ ನೆಟ್ಟರು. ಮೊದಲ ಕೆಲವು ವರ್ಷ ಗಿಡ ಬಾಗುವಷ್ಟು ಫಸಲು ಬಂತು. ಆಮೇಲೆ ಬಂದದ್ದು ಕೊರಕ.

ಬಿಳಿ ಕಾಂಡಕೊರಕ ಒಂದು ಸಣ್ಣ ದುಂಬಿ. ಬಿಸಿಲು ಬೀಳುವ ಕಾಂಡದ ತೊಗಟೆಯ ಸಂದುಗಳಲ್ಲಿ ಅದು ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದ ಒಳಗೆ ಸುರಂಗ ಕೊರೆಯುತ್ತ ಹೋಗಿ ಗಿಡವನ್ನೇ ಕೊಲ್ಲುತ್ತದೆ. ಮೇಲೆ ಎಲೆ ಹಳದಿಯಾಗುವ ಹೊತ್ತಿಗೆ ಮದ್ದು ಮಾಡುವ ಕಾಲ ಮೀರಿರುತ್ತದೆ. 1860ರ ದಶಕದಲ್ಲಿ ಕೊಡಗು ಮೈಸೂರುಗಳ ತೋಟಗಳಿಗೆ ಇದು ಹೇಗೆ ಅಪ್ಪಳಿಸಿತೆಂದರೆ ಮದರಾಸ್ ಸರಕಾರ ವಿಚಾರಣೆಗೆ ಜಾರ್ಜ್ ಬಿಡಿ ಎಂಬವರನ್ನು ಕಳಿಸಬೇಕಾಯಿತು. ಬಿಡಿ ವೃತ್ತಿಯಿಂದ ವೈದ್ಯರು. 1869ರಲ್ಲಿ ಅವರ ವರದಿ ಬಂತು. ಅವರು ಬರೆದುಕೊಟ್ಟ ಮದ್ದಿನಲ್ಲಿ ಮುಖ್ಯವಾದದ್ದು ನೆರಳು. ಕಡಿದ ಮರಗಳನ್ನು ಮತ್ತೆ ನೆಡಿ ಎಂದರು.

ಯಾವ ಮರ? ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, ದಶಕಗಟ್ಟಲೆ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿದ್ದಾನೆ. ಅವನು ಮೆಚ್ಚಿದ ಮರಗಳಲ್ಲಿ ಬಸರಿ, ಗೋಣಿಗಳು ಮುಂದೆ ನಿಲ್ಲುತ್ತವೆ. ಕನ್ನಡದ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ, ಏಕೆಂದರೆ ಅವನಿಗೆ ಅದನ್ನು ಕಲಿಸಿದವರು ಇಲ್ಲಿಯ ಗೌಡರು, ಆಳುಗಳು. ಬಸರಿ, ಗೋಣಿ, ಮಿಟ್ಲಿ, ಅತ್ತಿ ಎಲ್ಲವೂ ಫೈಕಸ್ ಕುಲದವೇ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರಕಾರ ಕಾಫಿ ಸಂಶೋಧನಾ ಕೇಂದ್ರ ತೆರೆದ ಮೇಲೆಯೂ ಶಾಶ್ವತ ನೆರಳಿನ ಮರಗಳ ಪಟ್ಟಿಯಲ್ಲಿ ಇವು ಉಳಿದವು. ಕಾರಣ ಗ್ರಂಥದ್ದಲ್ಲ, ಕೆಲಸದ್ದು. ಇವುಗಳ ಕೊಂಬೆ ಅಗಲಕ್ಕೆ ಹರಡಿ ಚದುರಿದ ನೆರಳು ಕೊಡುತ್ತದೆ. ಮರಗಸಿ ಮಾಡಿದರೆ, ಅಂದರೆ ಕೊಂಬೆ ಸವರಿದರೆ, ಬೇಗ ಚಿಗುರುತ್ತವೆ. ಉದುರಿದ ಎಲೆ ಕೊಳೆತು ಗೊಬ್ಬರವಾಗುತ್ತದೆ, ಸವರಿದ ಸೊಪ್ಪು ದನಕ್ಕೆ ಮೇವಾಗುತ್ತದೆ. ಅತ್ತಿ ಇರುವಲ್ಲಿ ನೀರು ಮೇಲಿದೆ ಎಂಬುದು ರೈತರ ಅನುಭವ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರನ್ನು ತೋರಿಸುವ ಮರಗಳನ್ನು ಹೇಳುವಾಗ ಇದನ್ನೂ ಹೆಸರಿಸಿದ್ದಾನೆ.

ಗುಹೆ ಇರುವ ಗಿರಿಯ ತುದಿಯಲ್ಲಿ ಅತ್ತಿಯ ತೋಪು ಹುಡುಕಿದರೆ ನಿರಾಶೆಯಾಗುತ್ತದೆ. ಸುಮಾರು 1,895 ಮೀಟರ್ ಎತ್ತರದ ಆ ಗಾಳಿಯ ಜಾಗ ಹುಲ್ಲುಗಾವಲಿನದು, ಶೋಲಾ ಕಾಡಿನದು. ಅತ್ತಿ ಇರುವುದು ಕೆಳಗೆ, ಹಳ್ಳದ ಸಾಲುಗಳಲ್ಲಿ, ಮೂಡಿಗೆರೆ ಕಳಸದ ಕಡೆಯ ಕಣಿವೆಗಳಲ್ಲಿ, ಕಾಫಿ ಇರುವ ಕಡೆ. ಕಾಂಡಕ್ಕೇ ಅಂಟಿದಂತೆ ಗೊಂಚಲು ಗೊಂಚಲು ಕೆಂಪು ಹಣ್ಣು ಬಿಟ್ಟಾಗ ಮಂಗಟ್ಟೆ ಹಕ್ಕಿ, ಕುಟ್ರು ಹಕ್ಕಿ, ಹಸಿರು ಪಾರಿವಾಳಗಳ ಸಂತೆ ನೆರೆಯುತ್ತದೆ. ರಾತ್ರಿ ಬಾವಲಿಗಳ ಪಾಳಿ. ಕಾಡಿನ ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳುಗಳಲ್ಲಿಯೂ ಯಾವುದೋ ಒಂದು ಅತ್ತಿ ಬಸರಿಯಲ್ಲಿ ಹಣ್ಣಿರುತ್ತದೆ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ ಅಥವಾ ಹಕ್ಕಿ ತಿಂದರೆ ಅದು ಅವನ ಪಾಲಿಗೆ ಸದಖಾ ಎಂಬ ಪ್ರವಾದಿ (ಸ)ರ ಮಾತಿಗೆ ಉದಾಹರಣೆಯಾಗಿ ನನಗೆ ಇದಕ್ಕಿಂತ ಒಳ್ಳೆಯ ಮರ ಗೊತ್ತಿಲ್ಲ.

ಈಗ ಆ ಮರ ಕಡಿಮೆಯಾಗುತ್ತಿದೆ. ತೋಟಗಳಲ್ಲಿ ಅದರ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ನೆಟ್ಟಗೆ, ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಲು ಸುಲಭ. ಕಡಿತಲೆಗೆ ಕಾಡುಮರಗಳಷ್ಟು ಕಟ್ಟುಪಾಡಿಲ್ಲ, ದುಡ್ಡು ಕೈಗೆ ಬರುತ್ತದೆ. ಕಾಫಿಯ ಬೆಲೆ ನೆಲ ಕಚ್ಚಿದ ವರ್ಷಗಳಲ್ಲಿ ಸಣ್ಣ ಬೆಳೆಗಾರ ಅದನ್ನು ನಂಬಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಅದರಲ್ಲಿ ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ, ನೆರಳೂ ತೆಳು. ಅರೇಬಿಕಾ ತೋಟಗಳನ್ನು ಕಾಂಡಕೊರಕ ಇಂದಿಗೂ ಕಾಡುತ್ತಿದೆ, ನೆರಳು ತೆಳುವಾದಲ್ಲಿ ಹೆಚ್ಚು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಕಾಫಿಯ ರುಚಿಗೆ ಎತ್ತರ, ಮಣ್ಣು, ಮಂಜಿನ ಜೊತೆ ನೆರಳೂ ಕಾರಣ.

ಮೇಲೆ ಗುಹೆಯ ವಿಷಯ ಓದುಗರಿಗೆ ತಿಳಿದದ್ದೇ. 1975ರಲ್ಲಿ ಆಡಳಿತವನ್ನು ಮುಜರಾಯಿ ಇಲಾಖೆಯಿಂದ ವಕ್ಫ್ ಮಂಡಳಿಗೆ ಕೊಟ್ಟದ್ದರಿಂದ ವ್ಯಾಜ್ಯ ಶುರುವಾಯಿತು. 1980ರಲ್ಲಿ ಜಿಲ್ಲಾ ನ್ಯಾಯಾಲಯ ಇದು ಎರಡೂ ಸಮುದಾಯಗಳ ಶ್ರದ್ಧಾಕೇಂದ್ರ ಎಂದು ಹೇಳಿ ಆಡಳಿತವನ್ನು ಮುಜರಾಯಿಗೆ ಮರಳಿಸಿತು, 1975ಕ್ಕಿಂತ ಹಿಂದಿನ ಪದ್ಧತಿಯೇ ನಡೆಯಬೇಕೆಂದಿತು. ಆ ಹಿಂದಿನ ಪದ್ಧತಿ ಯಾವುದು ಎಂಬುದೇ ಮುಂದಿನ ಜಗಳವಾಯಿತು. 2018ರಲ್ಲಿ ಸರಕಾರ ಮುಜಾವರರ ಮೂಲಕವೇ ವಿಧಿಗಳು ನಡೆಯಲಿ ಎಂದಿತು. 2021ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 2022ರಲ್ಲಿ ಇನ್ನೊಂದು ಸರಕಾರ ವ್ಯವಸ್ಥಾಪನಾ ಸಮಿತಿ ಮಾಡಿ ಅರ್ಚಕರನ್ನೂ ನೇಮಿಸಿತು. ಮುಸ್ಲಿಮರಲ್ಲಿ ಇದರಿಂದ ನೋವಾಗಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ತಮ್ಮ ಅಜ್ಜಂದಿರ ಕಾಲದಿಂದ ಪಾದುಕೆಗೆ ಕೈಮುಗಿದು ಫಾತಿಹಾದ ಸಕ್ಕರೆ ತಿಂದು ಬಂದ ಹಿಂದೂ ಒಕ್ಕಲು ಮನೆಗಳಲ್ಲಿಯೂ ಈ ಎಳೆದಾಟ ಬೇಸರ ತಂದಿದೆ. ಅವರನ್ನು ಯಾವ ಕಡೆಯವರೂ ಸಾಕ್ಷಿಗೆ ಕರೆಯಲಿಲ್ಲ ಎಂಬುದು ನನ್ನ ತಕರಾರು.

ಕೆಳಗೆ ತೋಟದ ಕೆಲಸ ಋತುವಿನ ಲೆಕ್ಕದಲ್ಲಿ ನಡೆದೇ ಇದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಹತ್ತು ದಿನದೊಳಗೆ ಬೆಟ್ಟವೆಲ್ಲ ಮಲ್ಲಿಗೆ ಚೆಲ್ಲಿದಂತೆ ಬಿಳಿ. ಮಳೆಗಾಲಕ್ಕೆ ಮುಂಚೆ ಮರಗಸಿ. ಹಳೆಯ ನೆರಳಿನ ಮರ ಮತ್ತೆ ಬೇಕೆನ್ನುವ ಬೆಳೆಗಾರರು ಅಲ್ಲಲ್ಲಿ ಇದ್ದಾರೆ. ಅವರು ನರ್ಸರಿಗೆ ಅಲೆಯಬೇಕಾಗಿಲ್ಲ. ಮರಗಸಿಯಲ್ಲಿ ಬಿದ್ದ ಕೊಂಬೆಗಳಲ್ಲಿ ತೋಳಿನ ದಪ್ಪದ್ದನ್ನು ಆರಿಸಿ, ಆಳೆತ್ತರಕ್ಕೆ ಕಡಿದು, ಮೇಲಿನ ತುದಿಗೆ ಸಗಣಿ ಮೆತ್ತಿ, ಜೂನ್‌ನ ಮೊದಲ ಮಳೆಗೆ ಗೂಟದಂತೆ ನೆಡುತ್ತಾರೆ. ದನ ಉಜ್ಜದ ಹಾಗೆ ಸುತ್ತ ಮುಳ್ಳು ಕಟ್ಟುತ್ತಾರೆ. ಎಲ್ಲ ಗೂಟವೂ ಬರುವುದಿಲ್ಲ. ಬಂದದ್ದು ಆಷಾಢ ಮುಗಿಯುವುದರೊಳಗೆ ಚಿಗುರು ತೋರಿಸುತ್ತದೆ.